ಗಲ್ಲಿಗೇಕೆ ಇಷ್ಟು ಅವಸರ?

2019ರ ಡಿಸೆಂಬರ್ 6ರ ಬೆಳಗ್ಗೆ ಹೈದರಾಬಾದಿನ ಗಚ್ಚಿಬೌಲಿಯ ಸೈಬರಾಬಾದ್ ಪೊಲೀಸ್ ಕಮಿಷನರೇಟಿನ ಹೆಸರು ದೇಶದ ಮನೆಮನೆಯಲ್ಲೂ ಕೇಳಿಬಂತು. ಒಂಬತ್ತು ದಿನಗಳ ಹಿಂದೆ, ನವೆಂಬರ್ 27ರ ರಾತ್ರಿ, ಶಂಶಾಬಾದಿನ ಟೋಲ್‌ಗೇಟ್ ಬಳಿ ಯುವ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ನಡೆದಿತ್ತು. ಅವರನ್ನು ಕೊಂದು, ದೇಹವನ್ನು ಶಾದ್‌ನಗರದ ಹತ್ತಿರ ಚಟಾನ್‌ಪಲ್ಲಿಯ ಸೇತುವೆಯಡಿ ಸುಡಲಾಗಿತ್ತು. ಬಂಧಿತರಾಗಿದ್ದ ನಾಲ್ವರನ್ನು ಪೊಲೀಸರು ಡಿಸೆಂಬರ್ 6ರ ನಸುಕಿನಲ್ಲಿ ಅದೇ ಜಾಗಕ್ಕೆ ಕರೆದೊಯ್ದರು. ನಾಲ್ವರೂ ಅಲ್ಲೇ ಗುಂಡಿಗೆ ಸತ್ತರು. ಜನ ಪೊಲೀಸರ ಮೇಲೆ ಹೂ ಎರಚಿದರು, ಪಟಾಕಿ ಹೊಡೆದರು. ಆಗಿನ ಕಮಿಷನರ್ ವಿ.ಸಿ. ಸಜ್ಜನರ ಹುಬ್ಬಳ್ಳಿಯವರಾದ್ದರಿಂದ ನಮ್ಮ ಕಡೆಯ ಸಂಭ್ರಮಕ್ಕೆ ಊರಿನ ಅಭಿಮಾನವೂ ಸೇರಿತು. ಅಂದು ಗಟ್ಟಿಯಾದ ಅಭಿಪ್ರಾಯ ಇಂದಿಗೂ ಸಡಿಲಗೊಂಡಿಲ್ಲ. ಬೀದರ್, ಕಲಬುರಗಿ, ರಾಯಚೂರಿನಿಂದ ಹೋಗಿ ಗಚ್ಚಿಬೌಲಿಯ ಗಾಜಿನ ಕಟ್ಟಡಗಳಲ್ಲಿ ದುಡಿಯುವವರಿಂದ ಹಿಡಿದು ಹುಬ್ಬಳ್ಳಿಯ ಚಹಾದಂಗಡಿಯವರೆಗೆ ಅದನ್ನು ಕೇಳಬಹುದು. ಅದರ ಸಾರ ಇಷ್ಟು: ಕೋರ್ಟಿಗೆ ಬಿಟ್ಟರೆ ಇಪ್ಪತ್ತು ವರ್ಷ ಬೇಕು, ಸೆಷನ್ಸ್ ಆದಮೇಲೆ ಹೈಕೋರ್ಟು, ಅದಾದಮೇಲೆ ಸುಪ್ರೀಂ ಕೋರ್ಟು, ಮರುಪರಿಶೀಲನೆ, ಕ್ಷಮಾದಾನ, ಮತ್ತೆ ಅರ್ಜಿ, ಕೊಂದವನಿಗೆ ಇಷ್ಟೊಂದು ಅವಕಾಶ ಏಕೆ?

ಈ ಪ್ರಶ್ನೆಯ ಹಿಂದಿನ ನೋವು ನಿಜವಾದದ್ದು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಅದರಿಂದ ಹೊರಡಿಸುವ ತೀರ್ಮಾನ ಮಾತ್ರ ತಪ್ಪು. ಗಲ್ಲಿನ ಕೈದಿ ವರ್ಷಗಟ್ಟಲೆ ನಡೆಸುವ ಕಾನೂನು ಹೋರಾಟವನ್ನು ನ್ಯಾಯದಾನಕ್ಕೆ ಬಂದ ಅಡ್ಡಿ ಎಂದು ನಾವು ಲೆಕ್ಕ ಹಾಕಿಬಿಟ್ಟಿದ್ದೇವೆ. ಸತ್ಯ ಹೊರಬಿದ್ದಿರುವುದು ಎಷ್ಟೋ ಸಲ ಆ ಹೋರಾಟದಲ್ಲಿಯೇ. ತಪ್ಪಿತಸ್ಥನೆಂದು ನಾವೆಲ್ಲ ಒಪ್ಪುವ ಕೈದಿ ನಡೆಸಿದ ಹೋರಾಟವೂ, ಅವನಿಗಾಗಿ ಅಲ್ಲದಿದ್ದರೆ ಬೇರೆ ಯಾರಿಗೋ, ಕೆಲಸಕ್ಕೆ ಬಂದಿದೆ. ಮರಣದಂಡನೆ ಕಾನೂನಿನಲ್ಲಿ ಇರಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಇರಲಿ ಎನ್ನುವವರೂ ಈ ಹೋರಾಟದ ಹಕ್ಕನ್ನು ಕಾಯಬೇಕು ಎಂಬುದಷ್ಟೇ ಇಲ್ಲಿಯ ವಾದ.

ಮೊದಲು ಚಟಾನ್‌ಪಲ್ಲಿಯನ್ನೇ ನೋಡೋಣ. ಸುಪ್ರೀಂ ಕೋರ್ಟು ಆರೇ ದಿನಗಳಲ್ಲಿ, 2019ರ ಡಿಸೆಂಬರ್ 12ರಂದು, ನಿವೃತ್ತ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ನೇತೃತ್ವದಲ್ಲಿ ಆಯೋಗ ನೇಮಿಸಿತು. ಅದರಲ್ಲಿದ್ದ ಮತ್ತಿಬ್ಬರು ಬಾಂಬೆ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ರೇಖಾ ಸೊಂಡೂರ್ ಬಲ್ದೋಟ ಮತ್ತು ಸಿಬಿಐ ಮಾಜಿ ನಿರ್ದೇಶಕ ಡಿ.ಆರ್. ಕಾರ್ತಿಕೇಯನ್. ಕಾರ್ತಿಕೇಯನ್ ಕರ್ನಾಟಕ ಕೇಡರಿನ ಪೊಲೀಸ್ ಅಧಿಕಾರಿಯಾಗಿದ್ದವರು, ಖಾಕಿಯ ಕಷ್ಟ ಗೊತ್ತಿಲ್ಲದವರೇನಲ್ಲ. 2022ರ ಮೇ ತಿಂಗಳಲ್ಲಿ ಬಹಿರಂಗವಾದ ವರದಿ, ಆರೋಪಿಗಳು ಪಿಸ್ತೂಲು ಕಿತ್ತುಕೊಂಡು ಗುಂಡು ಹಾರಿಸಿದರು ಎಂಬ ಪೊಲೀಸರ ಕತೆ ನಂಬಲರ್ಹವಲ್ಲ ಎಂದಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದಿತು. ಹತ್ತು ಮಂದಿ ಪೊಲೀಸರನ್ನು ಕೊಲೆ ಆರೋಪದಡಿ ವಿಚಾರಣೆಗೆ ಗುರಿಪಡಿಸಬೇಕೆಂದು ಶಿಫಾರಸು ಮಾಡಿತು (ಆ ಹತ್ತು ಹೆಸರುಗಳಲ್ಲಿ ಕಮಿಷನರ್ ಇಲ್ಲ ಎಂಬುದನ್ನೂ ಹೇಳಬೇಕು). ವರದಿಯಲ್ಲಿ ಇನ್ನೊಂದು ಸಂಗತಿಯಿತ್ತು, ಹೂ ಎರಚಿದವರು ಅದನ್ನು ಓದಿದಂತಿಲ್ಲ. ಸತ್ತ ನಾಲ್ವರಲ್ಲಿ ಮೂವರು ಘಟನೆಯ ಹೊತ್ತಿಗೆ ಹದಿನೆಂಟು ತುಂಬದವರು. ವಯಸ್ಸು ಎಷ್ಟೆಂದು ಕೇಳುವಷ್ಟು ವ್ಯವಧಾನವೂ ಆ ಒಂಬತ್ತು ದಿನಗಳಿಗೆ ಇರಲಿಲ್ಲ. ಅಪರಾಧ ಮಾಡಿದವರು ಅವರೇ ಆಗಿದ್ದರೇ, ಯಾರು ಏನು ಮಾಡಿದರು ಎಂಬುದನ್ನು ಇನ್ನು ಯಾವ ನ್ಯಾಯಾಲಯವೂ ಹೇಳಲಾರದು. ಆ ಪಶುವೈದ್ಯೆಯ ಕೊಲೆಗೆ ಸಂಬಂಧಿಸಿ ಸಾಕ್ಷ್ಯವನ್ನು ಒರೆಗೆ ಹಚ್ಚಿದ ಒಂದು ತೀರ್ಪು ಕೂಡ ಉಳಿಯಲಿಲ್ಲ.

ವಯಸ್ಸಿನ ಮಾತು ತಾಂತ್ರಿಕ ನೆಪ ಎನ್ನುವವರಿಗೆ ನಿರಾಣಾರಾಮ್ ಚೇತನ್‌ರಾಮ್ ಚೌಧರಿಯ ಪ್ರಕರಣವಿದೆ. 1994ರಲ್ಲಿ ಪುಣೆಯಲ್ಲಿ ನಡೆದ ಸಾಮೂಹಿಕ ಕೊಲೆಗಾಗಿ ಅವನಿಗೆ ಗಲ್ಲಾಯಿತು, 2000ದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪೊಲೀಸ್ ಕಾಗದಗಳಲ್ಲಿ ಅವನ ಹೆಸರು ನಾರಾಯಣ್ ಎಂದಿತ್ತು. ರಾಜಸ್ಥಾನದ ಅವನ ಊರಿನ ಸರ್ಕಾರಿ ಶಾಲೆಯ ದಾಖಲೆಯಲ್ಲಿದ್ದ ನಿಜವಾದ ಹೆಸರು ಮತ್ತು ಹುಟ್ಟಿದ ದಿನ ಬಹಳ ವರ್ಷಗಳ ನಂತರ ಕೋರ್ಟಿನ ಮುಂದೆ ಬಂದವು. ಅಪರಾಧ ನಡೆದಾಗ ಅವನಿಗೆ ಹನ್ನೆರಡೂವರೆ ವರ್ಷ. 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿ ಬಿಡುಗಡೆಗೆ ಆದೇಶಿಸುವ ಹೊತ್ತಿಗೆ ಅವನು ಜೈಲಿನಲ್ಲಿ 28 ವರ್ಷ ಕಳೆದಿದ್ದ. ಹನ್ನೆರಡು ವರ್ಷದ ಹುಡುಗನನ್ನು ನೇಣಿಗೇರಿಸಬೇಕೆಂದು ಯಾವ ಚಹಾದಂಗಡಿಯಲ್ಲೂ ಯಾರೂ ವಾದಿಸಲಾರರು. ಆದರೆ ಮೂರು ಹಂತದ ನ್ಯಾಯಾಲಯಗಳು ಗೊತ್ತಿಲ್ಲದೆ ಅದನ್ನೇ ಆದೇಶಿಸಿದ್ದವು. ಅವಸರದ ಪಕ್ಷದವರು ಹೇಳಿದಂತೆ 2000ದಲ್ಲೇ ಎಲ್ಲ ಮುಗಿದಿದ್ದರೆ, ಆ ಶಾಲೆಯ ರಿಜಿಸ್ಟರನ್ನು ತೆರೆದು ನೋಡಲು ಯಾರಿಗೂ ಕಾರಣವಿರುತ್ತಿರಲಿಲ್ಲ.

ಬೇಗ ಮುಗಿದ ಪ್ರಕರಣ ಹೇಗಿರುತ್ತದೆ ಎಂದು ನೋಡಬೇಕೆಂದರೆ ಊಹೆಯ ಅಗತ್ಯವಿಲ್ಲ. ರಾಜಸ್ಥಾನದ ರಾವ್ಜಿ ಎಂಬಾತ 1993ರಲ್ಲಿ ಹೆಂಡತಿ ಮಕ್ಕಳನ್ನು ಕೊಂದ ಆರೋಪಕ್ಕೆ ಸಿಕ್ಕಿದ, 1995ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಗಲ್ಲನ್ನು ಖಾಯಂಗೊಳಿಸಿತು, 1996ರ ಮೇ 4ರಂದು ಅವನನ್ನು ನೇಣಿಗೇರಿಸಿದರು. ಅಪರಾಧದಿಂದ ಹಗ್ಗದವರೆಗೆ ಮೂರು ವರ್ಷ. ಅವಸರದವರ ಕನಸಿನ ವೇಗ. ಅಪರಾಧವನ್ನು ಮಾತ್ರ ನೋಡಿದರೆ ಸಾಕು, ಅಪರಾಧಿಯ ಪರಿಸ್ಥಿತಿಯನ್ನು ನೋಡಬೇಕಿಲ್ಲ ಎಂಬ ನೆಲೆಯಲ್ಲಿ ಆ ತೀರ್ಪು ನಿಂತಿತ್ತು. ಗಲ್ಲು ವಿಧಿಸುವಾಗ ಎರಡನ್ನೂ ತೂಗಬೇಕೆಂದು 1980ರಲ್ಲೇ ಬಚನ್ ಸಿಂಗ್ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿಯಾಗಿತ್ತು. 2009ರ ಮೇ 13ರಂದು ಸುಪ್ರೀಂ ಕೋರ್ಟು, ಬರಿಯಾರ್ ಪ್ರಕರಣದಲ್ಲಿ, ರಾವ್ಜಿ ತೀರ್ಪು ಕಾನೂನನ್ನು ಕಡೆಗಣಿಸಿ ಬಂದದ್ದು ಎಂದು ಒಪ್ಪಿಕೊಂಡಿತು. ಅದೇ ತಪ್ಪು ತೀರ್ಪನ್ನು ನೆಚ್ಚಿ ಬೇರೆ ಹಲವು ಗಲ್ಲುಗಳೂ ಖಾಯಂ ಆಗಿದ್ದವು. ಅವುಗಳಲ್ಲೊಂದು ಸುರ್ಜಾ ರಾಮ್‌ದು, ಅವನನ್ನು 1997ರಲ್ಲಿ ನೇಣಿಗೇರಿಸಿಯಾಗಿತ್ತು. ಹದಿಮೂರು ವರ್ಷ ತಡವಾಗಿ ಬಂದ ಆ ಒಪ್ಪಿಗೆಯನ್ನು ಕೇಳಲು ರಾವ್ಜಿ ಇರಲಿಲ್ಲ. 2012ರಲ್ಲಿ ಹದಿನಾಲ್ಕು ನಿವೃತ್ತ ನ್ಯಾಯಮೂರ್ತಿಗಳು ರಾಷ್ಟ್ರಪತಿಗಳಿಗೆ ಪತ್ರ ಬರೆದು, ಅಂಥ ತೀರ್ಪುಗಳಿಂದ ಇನ್ನೂ ಗಲ್ಲಿನ ನೆರಳಲ್ಲಿದ್ದವರನ್ನಾದರೂ ಉಳಿಸಿ ಎಂದು ಕೇಳಿದರು.

ರಾವ್ಜಿ ತೀರ್ಪನ್ನು ನೆಚ್ಚಿ ಬಂದ ಕೊನೆಯ ಗಲ್ಲುಗಳಲ್ಲಿ ಜಾಲ್ನಾದ ಆರು ಮಂದಿಯದೂ ಸೇರಿತ್ತು. 2003ರಲ್ಲಿ ಮಹಾರಾಷ್ಟ್ರದ ಭೋಕರ್ದನ್ ಬಳಿ ಒಂದು ಕುಟುಂಬದ ಮೇಲೆ ರಾತ್ರಿ ದಾಳಿಯಾಯಿತು: ದರೋಡೆ, ಅತ್ಯಾಚಾರ, ಐವರ ಕೊಲೆ. ಸಿಕ್ಕಿಬಿದ್ದವರು ಅಲೆಮಾರಿ ಸಮುದಾಯದ ಆರು ಜನ ಬಡವರು. ವಿಚಾರಣಾ ನ್ಯಾಯಾಲಯ ಆರೂ ಜನಕ್ಕೆ ಗಲ್ಲು ವಿಧಿಸಿತು. ಹೈಕೋರ್ಟು ಮೂವರಿಗೆ ಗಲ್ಲು ಉಳಿಸಿ, ಮೂವರಿಗೆ ಜೀವಾವಧಿಗೆ ಇಳಿಸಿತು. 2009ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಆ ಮೂವರಿಗೂ ಮತ್ತೆ ಗಲ್ಲು ವಿಧಿಸಿತು. ಮರುಪರಿಶೀಲನಾ ಅರ್ಜಿಯೂ ಬಿದ್ದುಹೋಯಿತು. ಜನಸಾಮಾನ್ಯರ ಭಾಷೆಯಲ್ಲಿ ಹೇಳುವುದಾದರೆ ಎಲ್ಲ ಮುಗಿದಿತ್ತು. ಆಮೇಲೆ ಅದೇ ಕೋರ್ಟು ಪ್ರಕರಣವನ್ನು ಮತ್ತೆ ತೆರೆದು, 2019ರ ಮಾರ್ಚ್ 5ರಂದು ಆರೂ ಜನರನ್ನು ಪೂರ್ತಿ ಖುಲಾಸೆ ಮಾಡಿತು. ಆ ಪೀಠದಲ್ಲಿದ್ದವರು ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ, ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಮತ್ತು ಎಂ.ಆರ್. ಶಾ. ಪ್ರಾಣ ಉಳಿಸಿಕೊಂಡಿದ್ದ ಮುಖ್ಯ ಸಾಕ್ಷಿಯ ಮುಂದೆ ಪೊಲೀಸರು ಹಳೆಯ ಅಪರಾಧಿಗಳ ಫೋಟೋ ಆಲ್ಬಮ್ ಹಿಡಿದಾಗ ಆಕೆ ಬೆರಳಿಟ್ಟು ತೋರಿಸಿದ್ದು ಬೇರೆಯೇ ನಾಲ್ವರನ್ನು. ಆ ನಾಲ್ವರ ಬಗ್ಗೆ ತನಿಖೆಯೇ ನಡೆಯಲಿಲ್ಲ. ಆಲ್ಬಮ್ಮಿನ ಆ ಪುಟ ಎಲ್ಲ ಹಂತಗಳಲ್ಲೂ ಕಡತದಲ್ಲೇ ಇತ್ತು. ಅದನ್ನು ಗಮನವಿಟ್ಟು ಓದಲು ಹದಿನಾರು ವರ್ಷ ಹಿಡಿಯಿತು. ತಲಾ ಐದು ಲಕ್ಷ ಪರಿಹಾರ ಕೊಡಿ, ತನಿಖೆ ಕೆಡಿಸಿದ ಅಧಿಕಾರಿಗಳ ಮೇಲೆ ಕ್ರಮ ಜರುಗಿಸಿ ಎಂದು ಕೋರ್ಟು ಆದೇಶಿಸಿತು. ಆರು ಜನರಲ್ಲೊಬ್ಬ ಘಟನೆಯ ಹೊತ್ತಿಗೆ ಬಾಲಕನಾಗಿದ್ದ ಎಂಬುದೂ ಈ ನಡುವೆ ಗೊತ್ತಾಗಿತ್ತು.

ಬಿದ್ದುಹೋದ ಮರುಪರಿಶೀಲನೆ ಮತ್ತೆ ತೆರೆದದ್ದು ಹೇಗೆ? ಉತ್ತರ ಹುಡುಕುತ್ತ ಹೋದರೆ ದಾರಿ ಬೆಳಗಾವಿಯ ಹಿಂಡಲಗಾ ಜೈಲಿಗೆ ಬಂದು ನಿಲ್ಲುತ್ತದೆ. 2014ರ ಸೆಪ್ಟೆಂಬರ್ 2ಕ್ಕೆ ಮೊದಲು ಗಲ್ಲಿನ ಕೈದಿಯ ಮರುಪರಿಶೀಲನಾ ಅರ್ಜಿಯನ್ನು ನ್ಯಾಯಮೂರ್ತಿಗಳು ತಮ್ಮ ಕೊಠಡಿಯಲ್ಲೇ ಕಾಗದ ಓದಿ ತೀರ್ಮಾನಿಸುತ್ತಿದ್ದರು, ವಕೀಲರಿಗೆ ಬಾಯಿ ತೆರೆಯುವ ಅವಕಾಶ ಇರಲಿಲ್ಲ. ಅಂದು ಸಂವಿಧಾನ ಪೀಠ, ಮೊಹಮ್ಮದ್ ಆರಿಫ್ ಪ್ರಕರಣದಲ್ಲಿ, ಗಲ್ಲಿನ ಅರ್ಜಿಯನ್ನು ಕನಿಷ್ಠ ಮೂವರು ನ್ಯಾಯಮೂರ್ತಿಗಳು ತೆರೆದ ನ್ಯಾಯಾಲಯದಲ್ಲಿ ಕೇಳಬೇಕು ಎಂದಿತು. ವಾದಕ್ಕೆ ನಿಗದಿಯಾದ ಕಾಲ ಹೆಚ್ಚೆಂದರೆ ಅರ್ಧ ಗಂಟೆ. ಹಿಂದೆ ವಜಾ ಆಗಿದ್ದರೂ ಶಿಕ್ಷೆ ಇನ್ನೂ ಜಾರಿಯಾಗದವರಿಗೆ ಈ ಹಕ್ಕು ಸಿಕ್ಕಿತು. ಜಾಲ್ನಾದವರು ಒಳಹೊಕ್ಕದ್ದು ಆ ಅರ್ಧ ಗಂಟೆಯ ಬಾಗಿಲಿನಿಂದ. ಅದನ್ನು ಬಡಿದ ಅರ್ಜಿದಾರರ ಗುಂಪಿನಲ್ಲಿ ಒಬ್ಬ ಕರ್ನಾಟಕದ ಬಿ.ಎ. ಉಮೇಶ್, ಪತ್ರಿಕೆಗಳ ಉಮೇಶ್ ರೆಡ್ಡಿ.

ಇಲ್ಲಿ ಓದುಗರ ಹುಬ್ಬು ಗಂಟಿಕ್ಕುವುದು ಸಹಜ. ಒಂದು ಕಾಲಕ್ಕೆ ಖಾಕಿ ತೊಟ್ಟಿದ್ದ ಈತ 1998ರ ಫೆಬ್ರುವರಿಯಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಒಂಟಿ ಮಹಿಳೆಯ ಮನೆಗೆ ನುಗ್ಗಿ ಅತ್ಯಾಚಾರವೆಸಗಿ ಕೊಂದವನು ಎಂದು ಮೂರೂ ಹಂತದ ನ್ಯಾಯಾಲಯಗಳು ಹೇಳಿವೆ. ಅವನ ತಪ್ಪಿನ ಬಗ್ಗೆ ಈ ಲೇಖನಕ್ಕೆ ತಕರಾರಿಲ್ಲ. ನಿರಪರಾಧಿಗಳ ಮಾತು ಸರಿ, ಇಂಥವನಿಗೂ ಅದೇ ಮೆಟ್ಟಿಲುಗಳೇ ಎಂಬ ಆಕ್ಷೇಪ ಅತ್ಯಂತ ಬಲವಾಗಿರುವುದು ಇಲ್ಲಿಯೇ. ಅದಕ್ಕೆ ಉತ್ತರ ಅವನ ಪ್ರಕರಣದ ಒಳಗೇ ಇದೆ. 2006ರಲ್ಲಿ ಗಲ್ಲಾಯಿತು. ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲೆಂದರು, ಇನ್ನೊಬ್ಬರು ಜೀವಾವಧಿ ಸಾಕೆಂದರು, 2009ರಲ್ಲಿ ಮೂರನೆಯವರು ಗಲ್ಲಿನ ಕಡೆ ವಾಲಿದರು. ಒಂದು ಜೀವ ಒಂದು ಮತದ ಅಂತರದಲ್ಲಿ ತೀರ್ಮಾನವಾಯಿತು. 2011ರಲ್ಲಿ ಸುಪ್ರೀಂ ಕೋರ್ಟಿನ ಮುದ್ರೆ ಬಿತ್ತು, 2013ರ ಮೇ ತಿಂಗಳಲ್ಲಿ ಕ್ಷಮಾದಾನ ತಿರಸ್ಕೃತವಾಯಿತು. 2016ರಲ್ಲಿ, ತಾನೇ ಹೋರಾಡಿ ಪಡೆದ ತೆರೆದ ನ್ಯಾಯಾಲಯದ ವಿಚಾರಣೆಯಲ್ಲಿ, ಅವನ ಮರುಪರಿಶೀಲನೆಯೂ ಸೋತಿತು. ಅರ್ಧ ಗಂಟೆಯ ಹಕ್ಕು ಅವನ ಕೈ ಹಿಡಿಯಲಿಲ್ಲ, ಅವನೆಂದೂ ಕಾಣದ ಆರು ಜನರ ಕೈ ಹಿಡಿಯಿತು.

ಈ ಎಲ್ಲ ಕಾಲ ಅವನನ್ನು ಇಟ್ಟದ್ದು ಹಿಂಡಲಗಾದ ಒಂಟಿ ಕೋಣೆಯಲ್ಲಿ, ಸುಮಾರು ಹತ್ತು ವರ್ಷ. ಒಂಟಿ ಸೆರೆ ಎಂಬುದು ದಂಡ ಕಾನೂನಿನಲ್ಲಿ ಬೇರೆಯದೇ ಒಂದು ಶಿಕ್ಷೆ. ನ್ಯಾಯಾಧೀಶರೇ ವಿಧಿಸಬೇಕು, ಒಟ್ಟು ಮೂರು ತಿಂಗಳು ಮೀರುವಂತಿಲ್ಲ, ಒಂದೇ ಸಲಕ್ಕೆ ಹದಿನಾಲ್ಕು ದಿನ ದಾಟುವಂತಿಲ್ಲ. ಕ್ಷಮಾದಾನವೂ ತೀರ್ಮಾನವಾಗುವವರೆಗೆ ಕೈದಿಯನ್ನು ಗಲ್ಲಿಗೆ ನಿಗದಿಯಾದವನೆಂದು ಬೇರ್ಪಡಿಸಿಡಬಾರದು ಎಂದು 1978ರಲ್ಲೇ ಸುನಿಲ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಅಂದರೆ 2006ರಲ್ಲಿ ಅವನನ್ನು ಅಲ್ಲಿಟ್ಟ ಮೊದಲ ದಿನದಿಂದಲೇ ಜೈಲು ಕಾನೂನು ಮುರಿಯುತ್ತಿತ್ತು. ಯಾವ ನ್ಯಾಯಾಲಯವೂ ವಿಧಿಸದ ಎರಡನೆಯ ಶಿಕ್ಷೆಯೊಂದನ್ನು ಅಧಿಕಾರಿಗಳು ತಾವೇ ಸೇರಿಸಿದ್ದರು. 2022ರ ನವೆಂಬರ್ 4ರಂದು ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ಅವರಿದ್ದ ಪೀಠ ಈ ಕಾರಣಕ್ಕೆ ಗಲ್ಲನ್ನು ಜೀವಾವಧಿಗೆ ಇಳಿಸಿ, ಕನಿಷ್ಠ ಮೂವತ್ತು ವರ್ಷ ಒಳಗಿರಬೇಕೆಂದು ವಿಧಿಸಿತು. ಉಮೇಶ್ ಬಿಡುಗಡೆಯಾಗಲಿಲ್ಲ. ಕಾನೂನು ಮುರಿದವನಿಗೆ ಕಾನೂನು ಮುರಿದೇ ಶಿಕ್ಷೆ ಕೊಡಬಹುದೇ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿತು. ಚಟಾನ್‌ಪಲ್ಲಿಯಲ್ಲಿ ಎದ್ದದ್ದೂ ಇದೇ ಪ್ರಶ್ನೆ. ಒಂದು ಕಡೆ ಗುಂಡು, ಇನ್ನೊಂದು ಕಡೆ ಬೀಗ ಎಂಬುದಷ್ಟೇ ವ್ಯತ್ಯಾಸ.

ತಪ್ಪಿತಸ್ಥರ ಹೋರಾಟ ಬೇರೆಯವರಿಗೆ ನೆರವಾದ ಇನ್ನೊಂದು ನಿದರ್ಶನವೂ ಕರ್ನಾಟಕದ್ದೇ. 1993ರ ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ ವೀರಪ್ಪನ್ ಗುಂಪು 22 ಜನರನ್ನು ಕೊಂದಿತು. ಆ ಪ್ರಕರಣದಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ಜೀವಾವಧಿ ವಿಧಿಸಿದ್ದ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟು ಗಲ್ಲು ವಿಧಿಸಿತು. ಅವರ ಕ್ಷಮಾದಾನ ಅರ್ಜಿ ದೆಹಲಿಯ ಕಪಾಟುಗಳಲ್ಲಿ ಒಂಬತ್ತು ವರ್ಷ ಕೂತು 2013ರಲ್ಲಿ ತಿರಸ್ಕೃತವಾಯಿತು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸರ್ಕಾರ ಕಾರಣವಿಲ್ಲದೆ ಎಳೆದಾಡಿದರೆ ಗಲ್ಲು ಜೀವಾವಧಿಗೆ ಇಳಿಯಬೇಕು ಎಂದು ಹದಿನೈದು ಜನರ ಶಿಕ್ಷೆ ಬದಲಿಸಿತು. ಅವರಲ್ಲಿ ಈ ನಾಲ್ವರೂ ಸೇರಿ ಏಳು ಮಂದಿ ಕರ್ನಾಟಕದ ಪ್ರಕರಣಗಳವರು. ವೀರಪ್ಪನ್ ಸಹಚರರಿಗೆ ರಿಯಾಯಿತಿಯೇ ಎಂದು ಆಗ ಗದ್ದಲವೆದ್ದಿತ್ತು. ಸುಮಾರು ಒಂದು ವರ್ಷದ ನಂತರ ಅದೇ ನಿಯಮವನ್ನು ಆಧರಿಸಿ ಅಲಹಾಬಾದ್ ಹೈಕೋರ್ಟು ಇನ್ನೊಬ್ಬನ ಗಲ್ಲು ತಪ್ಪಿಸಿತು. ಅವನು ನಿಠಾರಿಯ ಸುರೇಂದ್ರ ಕೋಲಿ, ದೇಶ ಆ ಹೊತ್ತಿಗೆ ಅತಿ ಹೆಚ್ಚು ದ್ವೇಷಿಸುತ್ತಿದ್ದ ಮನುಷ್ಯ.

ಕೋಲಿಯ ಕತೆಯನ್ನು ಅವಸರದ ಪಕ್ಷದವರು ನಿಧಾನವಾಗಿ ಓದಬೇಕು. 2006ರ ಕೊನೆಯಲ್ಲಿ ನೋಯ್ಡಾದ ನಿಠಾರಿಯ ಮನೆಯೊಂದರ ಹಿಂದಿನ ಚರಂಡಿಯಲ್ಲಿ ಮಕ್ಕಳ ಅವಶೇಷ ಸಿಕ್ಕವು. ಆ ಮನೆಯ ಆಳು ಕೋಲಿ ಸುಮಾರು ಅರವತ್ತು ದಿನ ಪೊಲೀಸ್ ವಶದಲ್ಲಿದ್ದು, ಆಮೇಲೆ ತಪ್ಪೊಪ್ಪಿಗೆ ಕೊಟ್ಟ. 2009ರಲ್ಲಿ ವಿಚಾರಣಾ ನ್ಯಾಯಾಲಯ ಗಲ್ಲೆಂದಿತು, ಅದೇ ವರ್ಷ ಹೈಕೋರ್ಟು ಹೌದೆಂದಿತು, 2011ರಲ್ಲಿ ಸುಪ್ರೀಂ ಕೋರ್ಟು ಹೌದೆಂದಿತು, 2014ರ ಜುಲೈನಲ್ಲಿ ಕ್ಷಮಾದಾನ ತಿರಸ್ಕೃತವಾಯಿತು. ಮೀರತ್ ಜೈಲಿನಲ್ಲಿ ಹಗ್ಗ ಸಿದ್ಧವಾಯಿತು. ಆ ಸೆಪ್ಟೆಂಬರ್ 8ರ ನಡುರಾತ್ರಿ ಕಳೆದ ಮೇಲೆ ವಕೀಲರು ನ್ಯಾಯಮೂರ್ತಿಗಳ ಮನೆ ಬಾಗಿಲಿಗೆ ಹೋದರು. ನಮ್ಮ ಚಿಕ್ಕಮಗಳೂರು ಜಿಲ್ಲೆಯವರಾದ ನ್ಯಾಯಮೂರ್ತಿ ಎಚ್.ಎಲ್. ದತ್ತು ಅವರ ಪೀಠ ಗಲ್ಲಿಗೆ ತಡೆ ಕೊಟ್ಟಿತು. ಅಕ್ಟೋಬರಿನಲ್ಲಿ ಮರುಪರಿಶೀಲನಾ ಅರ್ಜಿ ವಜಾ ಆಯಿತು, ಆದರೆ 2015ರ ಜನವರಿ 28ರಂದು ವಿಳಂಬದ ಕಾರಣಕ್ಕೆ ಜೀವ ಉಳಿಯಿತು. 2023ರ ಅಕ್ಟೋಬರಿನಲ್ಲಿ ಹೈಕೋರ್ಟು ಅದೇ ತಪ್ಪೊಪ್ಪಿಗೆ, ಅದೇ ವಸ್ತು ಜಪ್ತಿಯನ್ನು ನಂಬಲಾಗದೆ ಉಳಿದ ಹನ್ನೆರಡು ಪ್ರಕರಣಗಳಲ್ಲಿ ಅವನನ್ನು ಖುಲಾಸೆ ಮಾಡಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. ನವೆಂಬರ್ 11ರಂದು, ಕಟ್ಟಕಡೆಯ ಅವಕಾಶವಾದ ಕ್ಯುರೇಟಿವ್ ಅರ್ಜಿಯಲ್ಲಿ, ತಾನೇ ಎರಡು ಸಲ ಎತ್ತಿಹಿಡಿದಿದ್ದ ಮೊದಲ ಪ್ರಕರಣದಿಂದಲೂ ಅವನನ್ನು ಬಿಡುಗಡೆ ಮಾಡಿತು. ಪಾಲಾರಿನ ಅಪರಾಧಿಗಳು ಗೆದ್ದ ನಿಯಮ ಇಲ್ಲದಿದ್ದರೆ ಈ ತೀರ್ಪು ಕೊಡಲು ಕೋರ್ಟಿಗೆ ಮನುಷ್ಯನೇ ಉಳಿದಿರುತ್ತಿರಲಿಲ್ಲ.

ಹಾಗಾದರೆ ನಿಠಾರಿಯ ಮಕ್ಕಳನ್ನು ಕೊಂದವರು ಯಾರು, ಆ ತಾಯಿತಂದೆಯರಿಗೆ ಸಿಕ್ಕ ನ್ಯಾಯ ಯಾವುದು? ಇದು ಈ ವಾದದ ಮುಂದೆ ಇಡಬಹುದಾದ ಅತಿ ಕಠಿಣ ಪ್ರಶ್ನೆ. ಸಂತ್ರಸ್ತರ ಮನೆಯವರ ಮುಖ ನೋಡಿ ಕಾನೂನು ತತ್ವ ಒಪ್ಪಿಸುವುದು ಕ್ರೌರ್ಯವೇ ಸರಿ. ಆದರೆ ಅವರಿಗೆ ಮೋಸವಾದದ್ದು ಯಾವಾಗ? ಖುಲಾಸೆಯಾದ ದಿನವಲ್ಲ, ಸಾಕ್ಷ್ಯ ಹಾಳುಮಾಡಿ ಒಪ್ಪಿಗೆಯ ಹೇಳಿಕೆಯೊಂದನ್ನೇ ನೆಚ್ಚಿ ಕಡತ ಮುಚ್ಚಿದ ದಿನ. ತಪ್ಪು ಮನುಷ್ಯನಿಗೆ ಬೇಗ ಗಲ್ಲಾದರೆ ಸರಿಯಾದ ಮನುಷ್ಯನನ್ನು ಹುಡುಕುವ ಕೆಲಸ ನಿಂತೇ ಹೋಗುತ್ತದೆ. ಜಾಲ್ನಾದ ಆಲ್ಬಮ್ಮಿನ ನಾಲ್ವರು ಹದಿನಾರು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದದ್ದು ಹಾಗೆಯೇ. ಇನ್ನು ವಿಳಂಬದ ದೂರಿನಲ್ಲಿ ಸತ್ಯವಿದೆ, ಅದನ್ನು ಹೊರಿಸುವ ವಿಳಾಸ ತಪ್ಪು. ಪಾಲಾರ್ ಕೈದಿಗಳ ಒಂಬತ್ತು ವರ್ಷ ಹೋದದ್ದು ಸರ್ಕಾರದ ಮೇಜಿನ ಮೇಲೆ. ಗಲ್ಲಿನ ಮರುಪರಿಶೀಲನೆಯ ವಾದಕ್ಕೆ ಬೇಕಾದದ್ದು ಅರ್ಧ ಗಂಟೆ. ಕಡತ ಬೇಗ ಸರಿಯಲಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಜನ ಸಿಗಲಿ, ನ್ಯಾಯಾಧೀಶರ ಖಾಲಿ ಹುದ್ದೆ ತುಂಬಲಿ ಎಂದು ಕೇಳಿದರೆ ಅದು ಸಂತ್ರಸ್ತರ ಪರ ಮಾತು. ಮೇಲ್ಮನವಿಯ ಮೆಟ್ಟಿಲು ಕಿತ್ತುಹಾಕಿ ಎನ್ನುವುದರಿಂದ ಅವರಿಗೆ ಏನೂ ದಕ್ಕದು.

ದುಡ್ಡಿದ್ದವರು ಹೀಗೆ ವರ್ಷಗಟ್ಟಲೆ ಎಳೆಯುತ್ತಾರೆ, ನಮ್ಮ ತೆರಿಗೆಯಲ್ಲಿ ಬಿರಿಯಾನಿ ತಿನ್ನುತ್ತಾರೆ ಎಂಬ ಮಾತೊಂದಿದೆ. ಬಿರಿಯಾನಿಯ ಮೂಲ ಮುಂಬೈ ದಾಳಿಯ ಕಸಬ್ ಪ್ರಕರಣ. ಆ ಕತೆಯನ್ನು ತಾವೇ ಕಟ್ಟಿದ್ದು, ಕಸಬ್ ಎಂದೂ ಬಿರಿಯಾನಿ ಕೇಳಿರಲಿಲ್ಲ ಎಂದು ಸರ್ಕಾರಿ ವಕೀಲರಾಗಿದ್ದ ಉಜ್ವಲ್ ನಿಕಮ್ 2015ರಲ್ಲಿ ಒಪ್ಪಿಕೊಂಡರು. ಇನ್ನು ದುಡ್ಡು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ಮರಣದಂಡನೆ ವರದಿಯ ಪ್ರಕಾರ ಗಲ್ಲಿನ ಕೈದಿಗಳಲ್ಲಿ ನೂರಕ್ಕೆ ಸುಮಾರು 74 ಮಂದಿ ಆರ್ಥಿಕವಾಗಿ ದುರ್ಬಲರು. ಮೇಲ್ಮನವಿಯ ಫಲಿತಾಂಶ ಗೊತ್ತಿದ್ದ ಪ್ರಕರಣಗಳನ್ನು ನೋಡಿದಾಗ, ಕೆಳ ನ್ಯಾಯಾಲಯ ಕೊಟ್ಟ ನೂರು ಗಲ್ಲುಗಳಲ್ಲಿ ಕೊನೆಯವರೆಗೆ ಉಳಿದವು ಐದರಷ್ಟು ಮಾತ್ರ. ಮೂವತ್ತರ ಹತ್ತಿರ ಪೂರ್ತಿ ಖುಲಾಸೆ, ಉಳಿದವರ ಶಿಕ್ಷೆ ಇಳಿಕೆ. ಯಾವುದೇ ಕಾರ್ಖಾನೆಯ ಮಾಲಿನಲ್ಲಿ ನೂರಕ್ಕೆ ಮೂವತ್ತು ಹೀಗೆ ಕೆಟ್ಟಿದ್ದರೆ ತಪಾಸಣೆಯನ್ನು ರದ್ದು ಮಾಡಿ ಎಂದು ಯಾರೂ ಕೇಳುವುದಿಲ್ಲ.

ಗಚ್ಚಿಬೌಲಿಯ ಉದ್ಯೋಗಿಗಳಿಗೆ ಬಹಳ ಹತ್ತಿರದ ಪ್ರಕರಣವೊಂದಿದೆ. 2014ರ ಜನವರಿಯಲ್ಲಿ ಆಂಧ್ರದಿಂದ ರಜೆ ಮುಗಿಸಿ ಮುಂಬೈಗೆ ಮರಳಿದ ಸಾಫ್ಟ್‌ವೇರ್ ಉದ್ಯೋಗಿ ಯುವತಿಯೊಬ್ಬರು ರೈಲು ನಿಲ್ದಾಣದಿಂದ ಕಾಣೆಯಾಗಿ ಕೊಲೆಯಾದರು. ಚಂದ್ರಭಾನ್ ಸಾನಪ್ ಎಂಬಾತನಿಗೆ 2015ರಲ್ಲಿ ಗಲ್ಲಾಯಿತು, 2018ರಲ್ಲಿ ಹೈಕೋರ್ಟು ಒಪ್ಪಿತು. 2025ರ ಜನವರಿ 28ರಂದು ಸುಪ್ರೀಂ ಕೋರ್ಟು ಖುಲಾಸೆ ಮಾಡಿತು. ಸಿಸಿಟಿವಿ ದೃಶ್ಯಕ್ಕೆ ಕಾನೂನು ಕೇಳುವ ಪ್ರಮಾಣಪತ್ರವನ್ನೇ ಹಾಜರುಪಡಿಸಿರಲಿಲ್ಲ, ತಪ್ಪೊಪ್ಪಿಗೆಯ ಕತೆ ನಿಲ್ಲುವಂತಿರಲಿಲ್ಲ. ದತ್ತಾಂಶದ ಮೂಲ ಪರಿಶೀಲಿಸದೆ ಒಂದು ಸಾಲು ಕೋಡನ್ನೂ ಮುಂದಕ್ಕೆ ಬಿಡದವರು ಈ ಖುಲಾಸೆಯನ್ನು ತಾಂತ್ರಿಕ ಲೋಪವೆಂದು ತಳ್ಳಿಹಾಕಬಾರದು.

2025ರ ಏಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವೊಂದನ್ನು ಕೊಂದ ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತ. ಆ ಗುಂಡು ಆತ್ಮರಕ್ಷಣೆಗೆ ಹಾರಿದ್ದೇ ಎಂಬುದನ್ನು ತನಿಖೆ ಹೇಳಬೇಕಿತ್ತು. ಜನ ಅಷ್ಟು ಹೊತ್ತು ಕಾಯಲಿಲ್ಲ, 2019ರ ಹೂವಿನ ನೆನಪು ಎಲ್ಲರಿಗೂ ಇತ್ತು. ಇನ್ನೊಂದು ಘೋರ ಅಪರಾಧ ನಡೆದಾಗ ಹೈದರಾಬಾದ್ ಮಾದರಿ ಬೇಕೆಂದು ಕೂಗುವವರಲ್ಲಿ ಒಂದೇ ವಿನಂತಿ: ಮೊದಲು ಜಾಲ್ನಾದ ಆರು ಮಂದಿಯ ತೀರ್ಪನ್ನು ತರಿಸಿ ಓದಿ. ಅದು ಬಂದದ್ದು 2019ರ ಮಾರ್ಚ್ 5ರಂದು, ಚಟಾನ್‌ಪಲ್ಲಿಗೆ ಒಂಬತ್ತು ತಿಂಗಳು ಮೊದಲು.